ಮೂವರು ತಮ್ಮಂದಿರು

“ವೀರನನ್ನು ಅಗಲಲಾರದೆ ಅತ್ತಳು ಆ ಚೆಲುವೆ” ಎಂದು ಹಾಡುಗಾರ ರಾಗ ಎಳೆದಾಗ, ರಕ್ತ ಮೆತ್ತಿದ ಅಂಗಿಯನ್ನು ಉಜ್ಜುತ್ತಿದ್ದ ಸೆರೆಸಿಕ್ಕ ಹೆಂಗಸು ಕೈ ನಿಲ್ಲಿಸಿದಳು. ಗ್ರೀಕರ ಇಬ್ಬರು ದಂಡನಾಯಕರು ಅವಳಿಗಾಗಿ ಜಗಳವಾಡಿ, ಹಾಡಿನ ಆ ವೀರನ ಗುಡಾರದಿಂದ ಇನ್ನೊಬ್ಬನ ಗುಡಾರಕ್ಕೆ ಅವಳನ್ನು ಸಾಗಿಸಿದ್ದರು. ಆ ಜಗಳವೇ ಈಗ ಹಾಡಾಗುತ್ತಿತ್ತು.

“ಎಷ್ಟು ಸಲ ಹೇಳ್ಬೇಕಣ್ಣ? ನಾನು ಅತ್ತಿದ್ದು ನನ್ನ ತಮ್ಮಂದಿರಿಗೋಸ್ಕರ. ನಿಮ್ಮ ಆ ವೀರನೇ ಮೂವರನ್ನೂ ಒಂದೇ ದಿನ ಕೊಂದ.”

“ಗೊತ್ತಮ್ಮ. ಆದ್ರೆ ಕೇಳೋರಿಗೆ ಪ್ರೀತಿ ಬೇಕು.” ಅವಳ ಮುಖ ನೋಡಿ ಅವನು ಸ್ವಲ್ಪ ಮೆತ್ತಗಾದ. “ಆಯ್ತು, ಸೇರಿಸ್ತೀನಿ, ಹೇಳು.” ಅವಳು ಆತುರಾತುರವಾಗಿ ಹೇಳಿದಳು: ದೊಡ್ಡವನು ಬಡಗಿ, ನಡುವಿನವನಿಗೆ ತೊದಲು, ಕೊನೆಯವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಹಾಡುಗಾರ ತಂತಿ ಮೀಟುತ್ತ ಮತ್ತೆ ಮತ್ತೆ ಗುನುಗಿ ನೋಡಿದ. “ತಾಳಕ್ಕೆ ಮೂವರು ಕೂರಲ್ಲಮ್ಮ. ಒಬ್ಬನಿಗೆ ಜಾಗ ಇದೆ. ಯಾರನ್ನ ಇಟ್ಕೊಳ್ಳಲಿ?”

“ಚಿಕ್ಕ...” ಎಂದು ಅವಳ ಬಾಯಿಂದ ಹೊರಟೇಬಿಟ್ಟಿತು. ಮರುಕ್ಷಣ ತನ್ನ ನಾಲಿಗೆಯ ಮೇಲೆಯೇ ಅವಳಿಗೆ ಹೇಸಿಗೆಯಾಯಿತು. ಉಳಿದಿಬ್ಬರನ್ನು ತಾನೇ ಕೈಯಾರೆ ಇನ್ನೊಮ್ಮೆ ಕೊಲ್ಲಲು ಹೊರಟಂತಾಗಿತ್ತು. ಒದ್ದೆ ಕೈಯಲ್ಲೇ ಅವನ ತೊಡೆಯ ಮೇಲಿದ್ದ ವಾದ್ಯವನ್ನು ಕಿತ್ತುಕೊಂಡು ಎದೆಗೆ ಅವಚಿ ಹಿಡಿದಳು.

“ಏಯ್, ತಂತಿ ಹಾಳಾಗತ್ತೆ, ಕೊಡು! ಸಂಜೆ ಇಡೀ ದಂಡಿನ ಮುಂದೆ ಹಾಡ್ಬೇಕು ನಾನು.”

“ಹಾಡು, ಯಾರು ಬೇಡ ಅಂದ್ರು?” ಎಂದಳು ಅವಳು. “ಮೊದಲು ಮೂವರನ್ನೂ ಕೂರಿಸು. ಆಮೇಲೆ ಕೊಡ್ತೀನಿ.”