ಇಪ್ಪತ್ತೊಂದನೇ ಪುಟದ ಗುರುತು

ಪುಸ್ತಕ ಎಂದರೆ ಪ್ರಾಣ ಬಿಡುವವರು ಇದನ್ನು ನಿಧಾನವಾಗಿ ಓದಿ... ಅರ್ಧಕ್ಕೆ ಬಿಡಬೇಡಿ.

ತುಮಕೂರಿನ ಒಂದು ಬಡಾವಣೆಯಲ್ಲಿ ಸಣ್ಣದೊಂದು ಲೈಬ್ರರಿ. ಎರಡು ವರ್ಷದ ಹಿಂದೆ ಅಲ್ಲಿಗೆ ವರ್ಗವಾಗಿ ಬಂದವರು ಪ್ರಫುಲ್ಲಾ ಮೇಡಂ.

ಮೇಡಂಗೆ ಪುಸ್ತಕಗಳನ್ನು ಕಂಡರೆ ಹೆತ್ತ ಮಕ್ಕಳಷ್ಟು ಪ್ರೀತಿ. ಪುಟದ ಮೂಲೆ ಮಡಿಚಿದವರಿಗೆ, ಕಾಫಿ ಕಲೆ ಮಾಡಿದವರಿಗೆ ಗ್ರಹಚಾರ ಬಿಡಿಸುತ್ತಿದ್ದರು!

ಆದರೆ ಒಂದು ವಿಷಯ ಮಾತ್ರ ಅವರ ತಲೆ ತಿನ್ನುತ್ತಿತ್ತು...

ಕಾದಂಬರಿಗಳ ಇಪ್ಪತ್ತೊಂದನೇ ಪುಟದಲ್ಲಿ, ಮೇಲಿನ ಮೂಲೆಯಲ್ಲಿ, ಪೆನ್ಸಿಲ್ಲಿನ ಒಂದು ಪುಟ್ಟ ಟಿಕ್. ಒಂದೆರಡು ಪುಸ್ತಕದಲ್ಲಿ ಅಲ್ಲ, ಕಪಾಟುಗಟ್ಟಲೆ!

ಪ್ರತಿ ಶನಿವಾರ ಮೇಡಂ ರಬ್ಬರ್ ಹಿಡಿದು ಕೂರುತ್ತಿದ್ದರು. "ಯಾವನಪ್ಪ ಈ ಪುಣ್ಯಾತ್ಮ" ಎಂದು ಬೈದುಕೊಳ್ಳುತ್ತಾ ಒಂದೊಂದನ್ನೇ ಅಳಿಸುತ್ತಿದ್ದರು.

ಕೊನೆಗೂ ಒಂದು ದಿನ ಪುಣ್ಯಾತ್ಮ ಸಿಕ್ಕಿಬಿದ್ದರು.

ಕೆಂಪರಂಗಯ್ಯ. ಮಂಡಿಯಲ್ಲಿ ಮೂಟೆ ಹೊತ್ತು ಸೊಂಟ ಬಗ್ಗಿದ ಅಜ್ಜ. ವಾರಕ್ಕೊಮ್ಮೆ ಬಂದು ಎರಡು ಕಾದಂಬರಿ ಒಯ್ಯುತ್ತಿದ್ದರು. ಅವತ್ತು ಅವರು ವಾಪಸ್ ಕೊಟ್ಟ ಎರಡರಲ್ಲೂ ಹಸಿ ಹಸಿ ಟಿಕ್ ಇತ್ತು.

ಅಜ್ಜನಿಗೆ ಅದರ ಪರಿವೆಯೇ ಇಲ್ಲ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದವರ ಹಾಗೆ ಒಂದೇ ಉಸಿರಿಗೆ ಕೇಳಿದರು.

"ತಾಯೀ, 'ಹೊನ್ನಾವರಕ್ಕೊಂದು ಟಿಕೆಟ್' ಅಂತ ಹೊಸ ಕಾದಂಬರಿ ಬಂದೈತಂತೆ. ಸಮುದ್ರ ನೋಡೋಕೆ ಒಬ್ಳೇ ಹೊರಡೋ ಮುದುಕಿ ಕಥೆಯಂತೆ. ರೇಡಿಯೋದಲ್ಲಿ ಬರೆದೋರ ಸಂದರ್ಶನ ಬಂತಂತೆ... ಆ ಮುದುಕಿ ಸಮುದ್ರ ನೋಡ್ತಾಳಾ ಅಂದ್ರೆ, ಪುಸ್ತಕ ಓದಿ ತಿಳ್ಕೊಳ್ಳಿ ಅಂದ್ಬಿಟ್ರಂತೆ! ಅದೊಂದು ಕೊಡಿ ತಾಯಿ."

ಆ ಕಾದಂಬರಿ ಮೇಜಿನ ಮೇಲೇ ಇತ್ತು. ಹಿಂದಿನ ದಿನವಷ್ಟೇ ಮೇಡಂ ಓದಿ ಮುಗಿಸಿದ್ದರು.

"ಬಂದಿದೆ. ಆದ್ರೆ ನಿಮಗೆ ಕೊಡಲ್ಲ. ಪುಸ್ತಕ ಅಂದ್ರೆ ನಿಮ್ಮನೆ ಕ್ಯಾಲೆಂಡರ್ ಅಂದ್ಕೊಂಡ್ರಾ ಗುರುತು ಹಾಕೋಕೆ? ವಯಸ್ಸಾದ್ರೆ ಸಾಕಾ, ಬುದ್ಧಿ ಬೇಡ್ವಾ?"

ಪೇಪರ್ ಓದುತ್ತಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಮುಸಿಮುಸಿ ನಕ್ಕರು.

"ತಪ್ಪಾಯ್ತು ತಾಯಿ..." ಅಜ್ಜ ಅಷ್ಟೇ ಅಂದರು. ಕಪಾಟಿನಿಂದ ಬೇರೆ ಎರಡು ಪುಸ್ತಕ ತೆಗೆದರು. ಇಪ್ಪತ್ತೊಂದನೇ ಪುಟ ಬಿಡಿಸಿ ನೋಡಿ, ಚೀಲಕ್ಕೆ ಹಾಕಿಕೊಂಡು ಹೋದರು.

ಮುಂದಿನ ವಾರ ಅಜ್ಜ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಮೂರನೇ ವಾರ ಬಂದರು. ತಲೆ ಬೋಳಾಗಿತ್ತು. ಎರಡು ಪುಸ್ತಕ, ಅದರ ಮೇಲೆ ಲೈಬ್ರರಿ ಕಾರ್ಡು ಇಟ್ಟು ಹೇಳಿದರು.

"ಕಾರ್ಡು ಕ್ಯಾನ್ಸಲ್ ಮಾಡ್ಬಿಡಿ ತಾಯಿ. ಓದೋಳು ಹೋಗ್ಬಿಟ್ಲು."

ಮೇಡಂ ಬೆಚ್ಚಿಬಿದ್ದರು. "ಯಾರು...? ಓದ್ತಿದ್ದದ್ದು ನೀವಲ್ವಾ?"

"ನಂಗೆಲ್ಲಿ ಬರ್ತದೆ ತಾಯಿ ಓದು! ನಮ್ಮನೆಯವ್ಳು ಗೌರಿ ಓದೋಳು. ಆರು ವರ್ಷದಿಂದ ಹಾಸಿಗೆ ಹಿಡಿದಿದ್ಲು. ಓದಿರೋದನ್ನೇ ನಾನು ತಿರ್ಗಾ ತಂದ್ಬಿಡ್ತೀನಿ ಅಂತ ಅವಳೇ ಗುರುತು ಹಾಕೋಳು. ಇಪ್ಪತ್ತೊಂದು ನಮ್ಮ ಮನೆ ನಂಬರ್ರು... ಆ ಅಂಕಿ ಮಾತ್ರ ನಂಗೆ ಗೊತ್ತು. ಗುರುತಿದ್ರೆ ಬಿಡೋದು, ಇಲ್ದಿದ್ರೆ ತಗೊಂಡ್ಹೋಗೋದು."

ಮೇಡಂ ರಿಜಿಸ್ಟರ್ ತಿರುವಿದರು.

ಕೆಂಪರಂಗಯ್ಯನವರ ಹೆಸರಿನ ಮುಂದೆ ಒಂದೇ ಕಾದಂಬರಿ ನಾಲ್ಕು ಸಲ... ಇನ್ನೊಂದು ಐದು ಸಲ... ಎರಡು ವರ್ಷ ಪೂರ್ತಿ ಅದೇ ಕಥೆ.

"ಅಜ್ಜಾ... ಆ ಗುರುತೆಲ್ಲ ಅಳಿಸ್ತಿದ್ದದ್ದು ನಾನೇ. ಓದಿರೋ ಪುಸ್ತಕಗಳನ್ನೇ ನೀವು ಮತ್ತೆ ಮತ್ತೆ ಒಯ್ದಿದ್ದೀರಿ..."

ಅಜ್ಜ ಮೆಲ್ಲಗೆ ಕೇಳಿದರು.

"ಓ... ಅದ್ಕೇನಾ ತಾಯಿ? ಸಂಜೆ ನಾನು ಮುದ್ದೆ ತಿರುವುವಾಗ ನಂಗೆ ಕಥೆ ಹೇಳೋಳು. ಎರಡು ಹಾಳೆ ಓದ್ತಿದ್ದಂಗೇ ಕೊನೇಗೆ ಏನಾಗ್ತದೆ ಅಂತ ಹೇಳ್ಬಿಡೋಳು. ಅದೆಂಗೆ ಗೊತ್ತಾಯ್ತೇ ಅಂದ್ರೆ, 'ನಾನು ಬಲು ಜಾಣೆ ಕಣ್ರೀ' ಅಂತ ನಗೋಳು..."

ಅವರು ಮೇಜಿನ ಮೇಲಿಟ್ಟ ಎರಡು ಪುಸ್ತಕಗಳನ್ನು ಮತ್ತೊಮ್ಮೆ ನೇರವಾಗಿ ಜೋಡಿಸಿದರು.

"ಒಂದು ದಿನಾನೂ 'ಇದು ಓದಿರೋದು' ಅನ್ನಲಿಲ್ಲ ನೋಡಿ."

ಸೊಂಟ ಹಿಡಿದುಕೊಂಡು ಅಷ್ಟು ದೂರ ನಡೆದು ತಂದ ಗಂಡನ ಮನಸ್ಸು ನೋಯಬಾರದು ಎಂದು, ಆ ತಾಯಿ ಓದಿದ್ದನ್ನೇ ಓದಿದ್ದಳು. ಹೊಸದು ಬೇಕೆಂದು ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಪುಸ್ತಕ...

ಮೇಡಂ ಅಳುತ್ತಾ ಆ ಕಾದಂಬರಿಯನ್ನು ಅಜ್ಜನ ಮುಂದೆ ಇಟ್ಟರು. ಅಜ್ಜ ಅದರ ಮೇಲೆ ಒಮ್ಮೆ ಕೈಯಾಡಿಸಿ, ಹಾಗೇ ವಾಪಸ್ ಸರಿಸಿದರು.

"ಓದಿ ಹೇಳೋರು ಯಾರಿದ್ದಾರೆ ತಾಯಿ... ಕಡೇ ದಿನದವರೆಗೂ ಅದೊಂದೇ ಕೇಳ್ತಿದ್ಲು. ಆ ಮುದುಕಿ... ಸಮುದ್ರ ನೋಡಿದ್ಲಾ?"

"ನೋಡಿದ್ಲು ಅಜ್ಜಾ. ಸೀರೆ ಅಂಚು ನೆನೆಯೋವರೆಗೂ ನೀರಲ್ಲಿ ನಿಂತಿದ್ಲು."

ಅಜ್ಜ ತಲೆಯಾಡಿಸಿದರು. ಖಾಲಿ ಚೀಲ ಮಡಿಚಿ ಕಂಕುಳಲ್ಲಿಟ್ಟುಕೊಂಡು ಬಾಗಿಲವರೆಗೆ ಹೋದವರು, ತಿರುಗಿ ನಿಂತು ಹೇಳಿದರು.

"ಈ ಸಲ ಕೊನೆ ನಂಗೇ ಮೊದ್ಲು ಗೊತ್ತಾಯ್ತು..."

ಅವರು ಹೋದ ಮೇಲೆ ಮೇಡಂ ಹೊಸ ಕಾದಂಬರಿಯ ಇಪ್ಪತ್ತೊಂದನೇ ಪುಟ ತೆಗೆದು, ಮೇಲಿನ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಪುಟ್ಟ ಟಿಕ್ ಹಾಕಿದರು.

ಡ್ರಾಯರಿನಲ್ಲಿದ್ದ ರಬ್ಬರನ್ನು ಅವರು ಮತ್ತೆ ಮುಟ್ಟಿಲ್ಲ.

*

ಇನ್ನೊಬ್ಬರು ಹಾಕಿದ ಗುರುತನ್ನು ಅಳಿಸುವ ಮುಂಚೆ, ಯಾಕೆ ಹಾಕಿದಿರಿ ಎಂದು ಒಂದು ಮಾತು ಕೇಳೋಣ.

ನೀವು ಕೇಳದೆಯೇ ಬೈದು ಕಳಿಸಿದವರು ಯಾರಾದರೂ ಈಗ ನೆನಪಾದರಾ...?