ಬೋಣಿಯ ಚಮಚ

ಕೊರೊನಾ ಕಳೆದ ಮೇಲೆ ದೊಡ್ಡ ಊರಿನ ಮಾಲ್‌ಗಳಿಗೆ ಜನ ಮರಳಿದರಂತೆ. ಈ ಪೇಟೆಬೀದಿಗೆ ಮಾತ್ರ ಮರಳಲಿಲ್ಲ. ಪಾತ್ರೆ ಅಂಗಡಿಯ ಗುರುಬಸಪ್ಪನಿಗೆ ದಿನದ ಬೋಣಿ ಹೂ ಮಾರುವ ದುರುಗಮ್ಮನದೇ. ದಿನಾ ಬೆಳಿಗ್ಗೆ ಬಂದು ಒಂದು ಚಮಚ ಕೊಳ್ಳುತ್ತಿದ್ದಳು. ಆಮೇಲೆ ಸಂಜೆಯವರೆಗೆ ಯಾರೂ ಇಲ್ಲ. ಇಷ್ಟು ಚಮಚ ಯಾಕೆಂದು ಅವನು ಕೇಳುವುದನ್ನೂ ಬಿಟ್ಟಿದ್ದ.

ಇಂದು ಅವಳು ಕೊಟ್ಟ ದುಡ್ಡನ್ನು ಕಣ್ಣಿಗೊತ್ತಿಕೊಂಡು ಗಲ್ಲಾಕ್ಕೆ ಹಾಕಿದವನು, ಜೇಬಿನಿಂದ ಒಂದು ನೋಟು ತೆಗೆದು ಅವಳತ್ತ ಚಾಚಿದ.

“ಎದುರು ಬಟ್ಟೆ ಅಂಗಡಿ ಚನ್ನವೀರಪ್ಪಂಗೆ ಬೋಣೀನೇ ಆಗ್ತಿಲ್ಲ. ಬಾಗಿಲು ಹಾಕಿಬಿಡ್ತೀನಿ ಅಂತಿದ್ದಾನೆ. ಹೋಗಿ ಒಂದು ಕರ್ಚೀಫ್ ತಗೋ. ನಾನು ದುಡ್ಡು ಕೊಟ್ಟೆ ಅಂತ ಮಾತ್ರ ಹೇಳ್ಬೇಡ.”

ದುರುಗಮ್ಮ ನೋಟು ಮುಟ್ಟಲಿಲ್ಲ.

“ಚಮಚದ ದುಡ್ಡು ಕೊಡುವಾಗ ಅವ್ರೂ ದಿನಾ ಇದೇ ಮಾತು ಹೇಳ್ತಾರೆ, ಸಾವ್ಕಾರ್ರೆ.”