ಬೆಳ್ಳಿಯ ಹಿಡಿ

"ಉಗುರು ಕಿತ್ತೋಗುತ್ತೆ ಬಿಡ್ರೀ. ಅವರಿಟ್ಟಿರೋ ಚಮಚದಲ್ಲೇ ತಿನ್ನಿ," ಎಂದು ಪ್ಲೋಟಿಯಾ ಗಂಡನ ಕಿವಿಯಲ್ಲಿ ಉಸುರಿದಳು. ಅನಿಕೇಟಸ್ ಕೇಳಲಿಲ್ಲ. ಚಮಚ, ಚಾಕು, ಚುಚ್ಚಿ ತೆಗೆಯುವ ಮುಳ್ಳು ಎಲ್ಲವೂ ಒಂದೇ ಬೆಳ್ಳಿಯ ಹಿಡಿಯೊಳಗೆ ಮಡಚಿಕೊಳ್ಳುವ ಆ ಸಾಧನವನ್ನು ಅವನು ಈ ಔತಣಕ್ಕೆಂದೇ ಕೊಂಡಿದ್ದ. ದಾಸ್ಯದಿಂದ ಬಿಡುಗಡೆಯಾದ ಮೇಲೆ ಹಳೆಯ ಒಡೆಯನ ಮನೆಯಲ್ಲಿ ಅತಿಥಿಯಾಗಿ ಊಟದ ಮಂಚಕ್ಕೆ ಒರಗಿದ್ದು ಇದೇ ಮೊದಲು. ಬಸವನಹುಳುವಿನ ತಟ್ಟೆ ಬಂದಿದೆ, ಮುಳ್ಳು ಮಾತ್ರ ಏಳಲೊಲ್ಲದು. ಮನೆಯಲ್ಲಿ ಅಭ್ಯಾಸ ಮಾಡುವಾಗ ಮೆತ್ತಿದ ಮೀನಿನ ರಸ ಒಣಗಿ ಕೀಲು ಕಚ್ಚಿಕೊಂಡಿತ್ತು.

"ಏನಯ್ಯಾ, ಹುಳಕ್ಕಿಂತ ನಿನ್ನ ಮುಳ್ಳಿಗೇ ನಾಚಿಕೆ ಜಾಸ್ತಿ!" ಎಂದು ಎದುರಿನವನೊಬ್ಬ ನಕ್ಕ. ಅನಿಕೇಟಸ್ ಹಲ್ಲಿನಿಂದ ಎಳೆದ. ಅದನ್ನು ಕಿತ್ತು ಅಂಗಳಕ್ಕೆ ಎಸೆಯಬೇಕೆನಿಸಿತು ಪ್ಲೋಟಿಯಾಗೆ.

ಪಕ್ಕದ ಮಂಚದಿಂದ ಒಡೆಯ ವಲ್ಗಿಯಸ್ ಚಿಪ್ಪೊಂದನ್ನು ಮುಂದೆ ಚಾಚಿದ. "ನಂದೊಂದು ಬಿಡಿಸಿಕೊಡೋ. ನಿನ್ನ ಕೈಚಳಕ ಯಾರಿಗೂ ಬರಲ್ಲ." ದನಿಯಲ್ಲಿ ಪ್ರೀತಿಯೇ ಇತ್ತು.

ಅನಿಕೇಟಸ್ ಬೆಳ್ಳಿಯನ್ನು ಬದಿಗಿಟ್ಟು ತಟ್ಟೆಯ ಚಮಚವನ್ನೆತ್ತಿಕೊಂಡ. ಅದರ ಹಿಡಿಯ ಚೂಪಾದ ತುದಿಯ ಒಂದೇ ತಿರುವಿಗೆ ಮಾಂಸ ಹೊರಬಂತು.

"ಮೇಲೆ ಬನ್ರೀ," ಎಂದು ಪ್ಲೋಟಿಯಾ ಅವನ ಅಂಗಿಯ ಅಂಚನ್ನು ಜಗ್ಗಿದಳು. ಅವನಿಗೆ ಕೇಳಿಸಲಿಲ್ಲ. ಮಂಚದಿಂದಿಳಿದು, ಕೈಕಟ್ಟಿ, ಒಡೆಯ ಅಗಿದು ಮುಗಿಸುವುದನ್ನೇ ಕಾಯುತ್ತ ನಿಂತಿದ್ದ.